ವಹಾಕಾದ ಕಳ್ಳಿ, ನಾಗಮಂಗಲದ ಬಾಣಂತನ

ಮೆಕ್ಸಿಕೋಗೆ ಹೋಗಿ ಬಂದೆ ಎಂದರೆ ಪಾಂಡವಪುರದಲ್ಲಿ ಜನ ಮೊದಲು ಕೇಳುವುದು ಊಟದ ವಿಚಾರ. ‘ಅಲ್ಲೇನ್ ತಿಂದ್ರಿ ಮೇಡಮ್ಮೋರೆ?’ ಪಾಪಾಸುಕಳ್ಳಿ ತಿಂದೆ ಎನ್ನುತ್ತೇನೆ. ತಮಾಷೆ ಮಾಡುತ್ತಿದ್ದೇನೆಂದು ನಗುತ್ತಾರೆ. ಹೈಸ್ಕೂಲಿನಲ್ಲಿ ಅಷ್ಟು ವರ್ಷ ಕನ್ನಡ ಪಾಠ ಮಾಡಿದವಳ ಮಾತನ್ನು ಈ ಊರಿನಲ್ಲಿ ಯಾರೂ ಇಷ್ಟು ಸಲೀಸಾಗಿ ತಳ್ಳಿಹಾಕಿದ್ದಿಲ್ಲ.

ನಾನು ಹೋದದ್ದು ದೇಶ ನೋಡುವುದಕ್ಕಲ್ಲ, ಬಾಣಂತನ ಮಾಡುವುದಕ್ಕೆ. ನನ್ನ ತಂಗಿ ರತ್ನನ ಮಗಳು ಸವಿತಾ ಮೆಕ್ಸಿಕೋದ ದಕ್ಷಿಣಕ್ಕಿರುವ ವಹಾಕಾ ಎಂಬ ಊರಿನಲ್ಲಿದ್ದಾಳೆ. ಕಳ್ಳಿ, ಕತ್ತಾಳೆ, ಲೋಳೆಸರ, ಹೀಗೆ ನೀರನ್ನು ಮೈಯೊಳಗೇ ಕೂಡಿಟ್ಟುಕೊಂಡು ಬದುಕುವ ಗಿಡಗಳನ್ನು ಬೆಳೆಸುವ ಒಂದು ತೋಟದಲ್ಲಿ ಅವಳಿಗೆ ಕೆಲಸ. ಒಂದೇ ಗಿಡ ಬೇರೆ ಬೇರೆ ಹವೆಯಲ್ಲಿ ಹೇಗೆ ಬೇರೆ ಬೇರೆಯಾಗಿ ಬೆಳೆಯುತ್ತದೆ ಎಂದು ನೋಡುತ್ತಾಳೆ. ಜೊತೆಯಲ್ಲಿ ಕೆಲಸ ಮಾಡುವ ಅಲ್ಲಿನ ಹುಡುಗ ದಾವೀದನನ್ನೇ ಮದುವೆಯಾಗಿದ್ದಾಳೆ.

ರತ್ನ ಜ್ವರದಿಂದ ತೀರಿಕೊಂಡಾಗ ಸವಿತಾಳಿಗೆ ಇನ್ನೂ ಸರಿಯಾಗಿ ಜಡೆ ಹಾಕುವಷ್ಟು ಕೂದಲು ಬಂದಿರಲಿಲ್ಲ. ಅವಳ ಅಪ್ಪ ಕೆ.ಆರ್.ಪೇಟೆಯಲ್ಲಿ ಬೇರೆ ಸಂಸಾರ ಹೂಡಿದ. ಮದುವೆಯಾಗದೆ ಉಳಿದಿದ್ದ ನನ್ನ ಮನೆಯಲ್ಲಿ ಹುಡುಗಿ ಬೆಳೆದಳು. ತನ್ನ ಅವ್ವನ ಬಗ್ಗೆ ಅವಳು ಏನೂ ಕೇಳುತ್ತಿರಲಿಲ್ಲ. ಕೇಳಿದರೆ ದೊಡ್ಡವ್ವನಿಗೆ ನೋವಾಗುತ್ತದೆ ಎಂದುಕೊಂಡಿದ್ದಳೋ ಏನೋ. ನಾನೂ ಹೇಳುತ್ತಿರಲಿಲ್ಲ. ರತ್ನ ಎಂಬ ಹೆಸರು ನಾಲಿಗೆಗೆ ಬಂದರೆ ಎದ್ದು ಬೇರೆ ಕೆಲಸಕ್ಕೆ ಹೋಗುತ್ತಿದ್ದೆ. ಗೋಡೆಯ ಮೇಲೆ ಫೋಟೊ ಇತ್ತು, ಅದಕ್ಕೆ ಹೂವು ಏರಿಸುತ್ತಿದ್ದೆವು. ಅಷ್ಟೇ.

ಬಸುರಿಯೆಂದು ತಿಳಿದ ಮೇಲೆ ಸವಿತಾ ಫೋನಿನಲ್ಲಿ, ‘ನೀನೇ ಬರ್ಬೇಕು ದೊಡ್ಡವ್ವ’ ಎಂದಳು. ಬರುತ್ತೇನೆ ಎಂದುಬಿಟ್ಟೆ. ಎದುರುಮನೆಯ ಜಯಮ್ಮ ಮಾತ್ರ ಮುಲಾಜಿಲ್ಲದೆ ಕೇಳಿದಳು.

‘ನೀವು ಮಕ್ಕಳ್ಗೆ ಪಾಠ ಏಳ್ಕೊಟ್ಟೋರು, ಸರಿ. ಬಾಣಂತನ ಅಂಗಲ್ಲ ಮೇಡಮ್ಮೋರೆ. ಒಂದ್ ಮಗೀಗಾದ್ರೂ ನೀರುಯ್ದಿದ್ದೀರಾ?’

ಹುಯ್ದಿರಲಿಲ್ಲ. ನನ್ನ ಅವ್ವ ಹುಯ್ಯುವುದನ್ನು ಬಾಗಿಲಲ್ಲಿ ನಿಂತು ನೋಡಿದ್ದೆ. ಅದನ್ನೇ ನೆನೆಸಿಕೊಳ್ಳುತ್ತಾ ಒಣಶುಂಠಿ, ಓಮ, ಮೆಣಸು ಪುಡಿ ಮಾಡಿ ಕಟ್ಟಿಕೊಂಡೆ. ಹಿತ್ತಿಲಿನ ಮಂಗರವಳ್ಳಿಯ ಕೆಲವು ಗಣ್ಣುಗಳನ್ನು ಮುರಿದು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡೆ. ಸೊಂಟ ಗಟ್ಟಿಯಾಗಲೆಂದು ನಮ್ಮ ಕಡೆ ಬಾಣಂತಿಗೆ ಆ ಬಳ್ಳಿಯ ಚಟ್ನಿ ಅರೆದುಕೊಡುತ್ತಾರೆ.

ವಿಮಾನ ಇಳಿದಲ್ಲಿ

ಮೆಕ್ಸಿಕೋ ಸಿಟಿಯ ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆ ತೆರೆಸಿದರು. ಮೇಜಿನ ಆಚೆ ನಿಂತಿದ್ದ ಹೆಂಗಸು ಒಂದೊಂದೇ ಪುಡಿಯ ಪೊಟ್ಟಣ ಮೂಸಿ ಸೀನಿದಳು. ಇದೇನು ಎಂದು ಕೇಳಿರಬೇಕು. ನನ್ನ ಇಂಗ್ಲಿಷು ಅವಳಿಗೆ ತಿಳಿಯಲಿಲ್ಲ, ಅವಳ ಸ್ಪ್ಯಾನಿಷು ನನಗೆ ತಿಳಿಯಲಿಲ್ಲ. ಕೊನೆಗೆ ಕೈಯನ್ನು ಹೊಟ್ಟೆಯ ಮುಂದೆ ದುಂಡಗೆ ಆಡಿಸಿ, ಆಮೇಲೆ ತೋಳಿನಲ್ಲಿ ಮಗು ತೂಗಿ ತೋರಿಸಿದೆ. ನನ್ನ ನೆರೆತ ತಲೆ ನೋಡಿ ಅವಳಿಗೆ ಗಾಬರಿಯಾಯಿತು. ನನಗಲ್ಲ, ಮಗಳಿಗೆ ಎಂದು ಇನ್ನಷ್ಟು ಅಭಿನಯ ಮಾಡಬೇಕಾಯಿತು. ಹಿಂದೆ ಸಾಲಿನಲ್ಲಿದ್ದವರೂ ನಗಲು ಶುರುಮಾಡಿದರು.

ಪುಡಿಗಳನ್ನು ವಾಪಸ್ಸು ಕೊಟ್ಟಳು. ಮಂಗರವಳ್ಳಿಯನ್ನು ಕೊಡಲಿಲ್ಲ. ಜೀವವಿರುವ ಗಿಡ ಒಳಗೆ ಬರುವಂತಿಲ್ಲ, ಅದು ಅವರ ಕಾನೂನು. ಬಟ್ಟೆಯ ಸಮೇತ ಕಸದ ಬುಟ್ಟಿಗೆ ಹಾಕುವಾಗ ಅವಳೂ ಒಂದು ಗಳಿಗೆ ತಡೆದಳು. ನಾಗಮಂಗಲ ತಾಲ್ಲೂಕಿನ ನಮ್ಮ ಹಳ್ಳಿಯ ಬೇಲಿಯಿಂದ ತಂದು ಪಾಂಡವಪುರದಲ್ಲಿ ನೆಟ್ಟುಕೊಂಡಿದ್ದ ಬಳ್ಳಿ ಅದು. ಬಾಣಂತನದ ಅರ್ಧ ಬಲ ಅಲ್ಲೇ ಹೋಯಿತು ಅನ್ನಿಸಿತು.

ಲೂಪೆಯ ಅಡುಗೆಮನೆ

ವಹಾಕಾ ಬೆಟ್ಟಗಳ ನಡುವಿನ ಊರು. ಒಣಗಾಳಿ, ನೆತ್ತಿ ಸುಡುವ ಬಿಸಿಲು, ಸಂಜೆಯಾದರೆ ಹೊದಿಕೆ ಬೇಕೆನ್ನುವ ಚಳಿ. ಮನೆಯೊಳಗೆ ಕಾಲಿಟ್ಟರೆ ನಡುವೆ ತೊಟ್ಟಿ, ಸುತ್ತ ಕೋಣೆಗಳು. ಶ್ರೀರಂಗಪಟ್ಟಣದಲ್ಲಿ ನನ್ನ ಗೆಳತಿಯೊಬ್ಬಳದ್ದು ಇಂಥದೇ ಮನೆ. ದೇವಸ್ಥಾನದವರ ಮನೆಯಾದ್ದರಿಂದ ಕಾಲು ತೊಳೆಯದೆ ಒಳಗೆ ಬಿಡುತ್ತಿರಲಿಲ್ಲ. ಆ ಅಭ್ಯಾಸದಲ್ಲಿ ನಾನು ಇಲ್ಲೂ ಚಪ್ಪಲಿ ಬಿಟ್ಟು ನೀರು ಎಲ್ಲಿದೆ ಎಂದು ಹುಡುಕುತ್ತಾ ನಿಂತೆ.

ದಾವೀದನ ತಾಯಿ ಲೂಪೆ ಎರಡೂ ಕೈ ಚಾಚಿ ಬಂದು, ‘ಕೊನ್ಸ್ವೇಗ್ರ!’ ಎಂದು ಅಪ್ಪಿಕೊಂಡರು. ಕುಳ್ಳಗೆ, ದುಂಡಗೆ, ಎರಡು ಜಡೆ ಹಾಕಿಕೊಂಡ ಹೆಂಗಸು.

‘ಏನಂದ್ರು ಅವ್ರು?’ ಸವಿತಾಳನ್ನು ಕೇಳಿದೆ.

‘ಬೀಗಿತ್ತಿ ಅಂತ.’

ನನಗೆ ಕುಣಿಯುವಷ್ಟು ಸಂತೋಷವಾಯಿತು. ಇಂಗ್ಲಿಷಿನಲ್ಲಿ ಈ ನೆಂಟಸ್ತಿಕೆಗೆ ಸರಿಯಾದ ಪದವಿಲ್ಲವೆಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೆ! ಇವರಲ್ಲಿ ಬೀಗಿತ್ತಿ ಇದ್ದಾಳೆ. ಅಂದಮೇಲೆ ಬೀಗಿತ್ತಿಯರ ನಡುವಿನ ಬಿಗುಮಾನವೂ ಇದ್ದೇ ಇರುತ್ತದೆ ಎಂದು ಆಗ ಹೊಳೆಯಲಿಲ್ಲ.

ಸವಿತಾಳ ಹೊಟ್ಟೆ ಆಗಲೇ ಇಳಿದಿತ್ತು. ಮುಖ ತುಂಬಿಕೊಂಡಿತ್ತು. ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ಒಂದು ಕುಂಡ ತೋರಿಸಿದಳು. ಅದರಲ್ಲಿ ಕಡ್ಡಿಯಂತಹ ಬಳ್ಳಿ, ಗಣ್ಣಿಗೊಂದು ಅಗಲವಾದ ಎಲೆ.

‘ಗುರ್ತು ಸಿಕ್ತಾ? ಮಂಗರವಳ್ಳಿ. ಇಲ್ಲೇ ಒಂದು ನರ್ಸರೀಲಿ ಸಿಕ್ತು.’

‘ಇದಾ? ಈರೇಕಾಯಿ ಬಳ್ಳಿ ಅಂಗೆ ಅದಲ್ಲೇ! ನಮ್ದು ಬೆರಳ ಗಾತ್ರ ಇರ್ತದೆ.’

‘ಇಲ್ಲಿ ಮೂಲೇಲಿ ಬಿಸ್ಲು ಸಾಲ್ದು ದೊಡ್ಡವ್ವ. ಬೆಳಕ ಉಡುಕ್ಕೊಂಡು ಸಣ್ಣಕೆ ಉದ್ದ ಓಯ್ತದೆ, ಸಿಕ್ಕಿದಷ್ಟು ಬೆಳಕು ಇಡ್ಕಳಕೆ ಎಲೆ ಬುಡ್ತದೆ. ನಮ್ಮೂರ್ ಬೇಲೀಲಿ ಬಿಸ್ಲು ಜಾಸ್ತಿ, ನೀರು ಕಮ್ಮಿ. ಅದ್ಕೆ ಎಲೆ ಉದುರ್ಸ್ಕೊಂಡು ಮೈ ದಪ್ಪ ಮಾಡ್ಕತದೆ.’

ಅವಳ ಮಾತು ಕೇಳಿ ನನಗೆ ನಗು ಬಂತು. ದಿನವಿಡೀ ಸ್ಪ್ಯಾನಿಷು ಮಾತಾಡುವ ಹುಡುಗಿಯ ಕನ್ನಡ ಇನ್ನೂ ಹಳ್ಳಿಯ ಅಜ್ಜಿಯ ಹಟ್ಟಿಯದೇ ಆಗಿ ಉಳಿದಿತ್ತು. ಅದಕ್ಕೆ ಬೇರೆ ಊರಿನ ಮಾತು ಬೆರೆಯಲು ಅಲ್ಲಿ ಕನ್ನಡದವರು ಯಾರೂ ಇರಲಿಲ್ಲವಲ್ಲ.

ಮಾರನೆಯ ಬೆಳಗ್ಗೆ ಲೂಪೆ ಅಡುಗೆಮನೆಯಲ್ಲಿ ಕುಳಿತು ಅಂಗೈಯಗಲದ ಹಸಿರು ಹಾಳೆಗಳ ಮುಳ್ಳನ್ನು ಚಾಕುವಿನಿಂದ ಹೆರೆಯುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ಪಾಪಾಸುಕಳ್ಳಿ! ದನ ನುಗ್ಗದಿರಲೆಂದು ನಮ್ಮ ಅಪ್ಪ ಹೊಲದ ಸುತ್ತ ನೆಟ್ಟಿದ್ದ ಕಳ್ಳಿ. ಅದರ ಕೆಂಪು ಹಣ್ಣನ್ನು ಕದ್ದು ತಿಂದು, ತುಟಿ ರಂಗಾಗಿ, ಸಿಕ್ಕಿಬಿದ್ದು ಪೆಟ್ಟು ತಿನ್ನುತ್ತಿದ್ದೆವು. ಹಣ್ಣು ಸರಿ. ಆದರೆ ಗಿಡವನ್ನೇ ಪಲ್ಯ ಮಾಡುತ್ತಾರೆಂದರೆ? ಲೂಪೆ ಅದನ್ನು ಹೆಚ್ಚಿ, ಬೇಯಿಸಿ, ಲೋಳೆ ಬಸಿದು, ಈರುಳ್ಳಿ, ಟೊಮೊಟೊ, ಕೊತ್ತಂಬರಿ ಸೊಪ್ಪು ಹಾಕಿ ನಿಂಬೆಹಣ್ಣು ಹಿಂಡಿದರು. ನೋಡಲು ಕೋಸಂಬರಿ. ಬಾಯಿಗಿಟ್ಟರೆ ಎಳೆ ಹುರುಳಿಕಾಯಿಯ ಹಾಗೆ, ಆದರೆ ಹುಳಿ.

ಅದೇ ಗಿಡದಿಂದ ಸಂಜೆ ಕೊಯ್ದು ಮಾಡಿದಾಗ ಹುಳಿ ಅಷ್ಟಿರಲಿಲ್ಲ. ಏಕೆಂದು ಸವಿತಾ ಹೇಳಿದಳು. ಬೇರೆ ಗಿಡಗಳು ಹಗಲಿನಲ್ಲಿ ಉಸಿರಾಡುತ್ತವೆ. ಒಣ ಸೀಮೆಯ ಕಳ್ಳಿ ಹಗಲಿನಲ್ಲಿ ಬಾಯಿ ತೆರೆದರೆ ನೀರೆಲ್ಲ ಆರಿಹೋಗುತ್ತದೆ. ಅದಕ್ಕೇ ರಾತ್ರಿಯ ತಂಪಿನಲ್ಲಿ ಗಾಳಿ ಎಳೆದುಕೊಂಡು, ಅದನ್ನು ಹುಳಿಯಾಗಿ ಕೂಡಿಟ್ಟುಕೊಂಡು, ಬೆಳಗಾದ ಮೇಲೆ ಬಾಯಿ ಮುಚ್ಚಿ ಆ ಹುಳಿಯಿಂದ ತನ್ನ ಊಟ ಮಾಡಿಕೊಳ್ಳುತ್ತದಂತೆ. ಸಂಜೆ ಹೊತ್ತಿಗೆ ಹುಳಿ ಖರ್ಚಾಗಿರುತ್ತದೆ.

ನನಗೆ ನಮ್ಮ ಬಾವಿಕಟ್ಟೆಯ ಕಾಡುಬಸಳೆ ನೆನಪಾಯಿತು. ಬೆಳಗ್ಗೆ ಸ್ಕೂಲಿಗೆ ಹೋಗುವಾಗ ಅದರ ದಪ್ಪ ಎಲೆ ಅಗಿದರೆ ಹುಳಿಗೆ ಕಣ್ಣು ಮುಚ್ಚುತ್ತಿತ್ತು. ಸಂಜೆ ಬರುವಾಗ ಅಗಿದರೆ ಸಪ್ಪೆ. ‘ಸಂಜೆ ಗಿಡಕ್ಕೆ ನಮ್ ಮೇಲೆ ಕ್ವಾಪ ಇರಲ್ಲ ಕಣಕ್ಕ’ ಎನ್ನುತ್ತಿದ್ದಳು ರತ್ನ. ಇದನ್ನು ಸವಿತಾಳಿಗೆ ಹೇಳಬಹುದಿತ್ತು. ಗಂಟಲವರೆಗೆ ಬಂದ ಮಾತನ್ನು ಕಾಫಿಯ ಜೊತೆ ನುಂಗಿಕೊಂಡೆ.

ತಗ್ಗಿನ ತೋಟ, ಬೆಟ್ಟದ ತೋಟ

ಹೆರಿಗೆಗೆ ಇನ್ನೂ ದಿನವಿದ್ದದ್ದರಿಂದ ದಾವೀದ ನಮ್ಮನ್ನು ಕಾರಿನಲ್ಲಿ ಕೂರಿಸಿಕೊಂಡು ತೋಟಗಳಿಗೆ ಹೊರಟ. ನನ್ನ ಜೊತೆ ಮಾತಾಡಬೇಕೆಂದು ಅವನಿಗೆ ಆಸೆ. ಸವಿತಾ ಕಲಿಸಿದ್ದ ಒಂದೇ ಕನ್ನಡದ ಮಾತು ‘ಊಟ ಆಯ್ತಾ?’ ಬೆಳಗ್ಗೆ ಎದ್ದಾಗ, ಕಾರು ಹತ್ತಿದಾಗ, ಇಳಿದಾಗ, ಸಿಕ್ಕಿದಾಗಲೆಲ್ಲ ಅದನ್ನೇ ಕೇಳಿದ. ನಮ್ಮ ಕಡೆಯ ಅಳಿಯಂದಿರು ಇಷ್ಟು ಸಲ ಕೇಳಿದ್ದನ್ನು ನಾನು ಕಂಡಿಲ್ಲ.

ಒಂದು ತೋಟ ಕೆಳಗೆ, ಕಾದ ಕಣಿವೆಯಲ್ಲಿ. ನೆಲವೆಲ್ಲ ನಾಗಮಂಗಲದ ಹೊಲಗಳ ಹಾಗೆ ಕಲ್ಲುಮಣ್ಣು. ಅಲ್ಲಿ ಕಳ್ಳಿಯ ಹಾಳೆಗಳು ಸಣ್ಣಗೆ, ದಪ್ಪಗೆ ಇದ್ದವು. ಮೈಮೇಲೆ ಬೂದಿ ಬಳಿದಂತೆ ಮೇಣದ ಪದರ, ಒತ್ತಾಗಿ ಮುಳ್ಳು. ಬೇರು ಆಳಕ್ಕೆ ಇಳಿಯದೆ ನೆಲದ ಮೇಲುಮೇಲೆ ದೂರದವರೆಗೆ ಹಬ್ಬಿತ್ತು. ಒಂದು ಹನಿ ಮಳೆ ಬಿದ್ದರೂ ಹೊಸ ಎಳೆಬೇರು ಬಿಟ್ಟು ಹೀರಿಕೊಳ್ಳುತ್ತದೆ, ನೆಲ ಒಣಗಿದರೆ ಆ ಎಳೆಬೇರನ್ನು ಕಳೆದುಕೊಳ್ಳುತ್ತದೆ ಎಂದಳು ಸವಿತಾ.

ಇನ್ನೊಂದು ತೋಟ ಬೆಟ್ಟದ ಮೇಲೆ, ಮೋಡ ತಾಗುವಷ್ಟು ಎತ್ತರದಲ್ಲಿ. ಅದೇ ತಾಯಿಗಿಡದಿಂದ ಮುರಿದು ನೆಟ್ಟದ್ದಂತೆ. ನಾನು ನಂಬಲಿಲ್ಲ. ಇಲ್ಲಿ ಗಾಳಿಗೆ ಮರೆಯಾಗಿದ್ದ ಕಡೆ ಹಾಳೆಗಳು ಮೊರದಗಲವಾಗಿ, ತೆಳ್ಳಗೆ, ಎಳೆ ಹಸಿರಾಗಿದ್ದವು. ಮುಳ್ಳು ಅಲ್ಲೊಂದು ಇಲ್ಲೊಂದು. ಗಾಳಿಗೆ ಒಡ್ಡಿದ್ದ ದಿಣ್ಣೆಯ ಮೇಲೆ ಮಾತ್ರ ಗಿಡಗಳು ನೇರಳೆ ಬಣ್ಣಕ್ಕೆ ತಿರುಗಿ ಮುದುಕರ ಕೈಯಂತೆ ಸುಕ್ಕುಗಟ್ಟಿದ್ದವು.

‘ಪಾಪ, ಇವು ಸಾಯ್ತಾ ಅವೆ’ ಎಂದೆ.

‘ಇಲ್ಲ, ಚಳಿಗೆ ತಯಾರಾಯ್ತಾ ಅವೆ. ಮೈಲಿ ನೀರು ತುಂಬ್ಕೊಂಡಿದ್ರೆ ಇಬ್ಬನಿ ಎಪ್ಪುಗಟ್ಟಿದಾಗ ಒಡ್ದೋಯ್ತವೆ. ಅದ್ಕೆ ಮೊದ್ಲೇ ನೀರು ಕಮ್ಮಿ ಮಾಡ್ಕತವೆ.’

ನಾನು ಮೊದಲು ಕೆಲಸಕ್ಕೆ ಸೇರಿದ್ದು ಕೆ.ಆರ್.ಎಸ್. ಹತ್ತಿರದ ಪಾಲಹಳ್ಳಿಯಲ್ಲಿ. ಊರಿನ ನೆನಪಿಗೆಂದು ಅಪ್ಪನ ಬೇಲಿಯಿಂದ ಒಂದು ಹಾಳೆ ತಂದು ಬಾಡಿಗೆ ಮನೆಯ ಹಿಂದೆ ಊರಿದ್ದೆ. ಮೊದಲು ನಳನಳಿಸಿತು. ನಾಲೆಗೆ ನೀರು ಬಿಟ್ಟ ಮೇಲೆ ನೆಲ ಜೌಗಾಯಿತು, ಒಂದು ಮಳೆಗಾಲಕ್ಕೆ ಬುಡ ಕರಗಿ ಮಗುಚಿ ಬಿತ್ತು. ಅದನ್ನು ಹೇಳಿ, ‘ಇಂಗೆಲ್ಲ ಬದ್ಲಾಗೊ ಗಿಡ ಅಲ್ ಯಾಕೆ ಬದ್ಲಾಗ್ಲಿಲ್ಲ?’ ಎಂದು ಕೇಳಿದೆ.

‘ಎಲ್ಲಾ ಕಡೆನೂ ಒಗ್ಗಲ್ಲ ದೊಡ್ಡವ್ವ. ಬಿಸ್ಲು, ಚಳಿ, ಬರ ತಡೀತದೆ. ಬೇರಲ್ಲಿ ನೀರು ನಿಂತ್ರೆ ತಡಿಯಲ್ಲ. ನೆರಳಲ್ಲಿದ್ದುದ್ದ ಒಂದೇ ಸಲಕ್ಕೆ ಬಿಸ್ಲಿಗಿಟ್ರೂ ಸುಟ್ಟೋಯ್ತದೆ. ದಿನ ಚೂರ್ಚೂರೇ ತೋರುಸ್ಬೇಕು.’

ಮಾತು ಕೇಳುತ್ತಾ ಮೈಮರೆತು, ಮುಳ್ಳಿಲ್ಲವಲ್ಲ ಎಂದು ಒಂದು ಹಾಳೆಯನ್ನು ಸವರಿಬಿಟ್ಟೆ. ಕಣ್ಣಿಗೆ ಕಾಣದಂಥ ಕೂದಲಮುಳ್ಳು ಅಂಗೈ ತುಂಬ! ಮನೆಗೆ ಬಂದಾಗ ಲೂಪೆ ನನ್ನ ಕೈ ನೋಡಿ ನಾಲಿಗೆ ಲೊಚಗುಟ್ಟಿದರು. ನನ್ನ ಅಂಗೈಯನ್ನು ಎಳೆದು ತಮ್ಮ ತಲೆಗೂದಲಿಗೆ ಹಾಕಿ ತಿಕ್ಕಿದರು. ಮುಳ್ಳೆಲ್ಲ ಕೂದಲಿಗೆ ಸಿಕ್ಕಿ ಬಂದವು. ಬೀಗಿತ್ತಿಯ ತಲೆ ಸವರುತ್ತಾ ಕುಳಿತ ನನ್ನನ್ನು ನೋಡಿ ದಾವೀದ ‘ಊಟ ಆಯ್ತಾ?’ ಎಂದ.

ಮಗು ಬಂದ ವಾರ

ಗಂಡು ಮಗು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ನಾನು ಜಗಳಕ್ಕೆ ಸಿದ್ಧಳಾಗಿದ್ದೆ. ಲೂಪೆ ಖಂಡಿತ ಬಾಣಂತಿಗೆ ಆ ಲೋಳೆಯ ಪಲ್ಯ ಬಡಿಸುತ್ತಾರೆ, ತಂಡಿ ಪದಾರ್ಥ, ಬೇಡವೆನ್ನಬೇಕು. ತಂಡಿ ಎನ್ನಲು ‘ಫ್ರಿಯೋ’ ಎನ್ನಬೇಕೆಂದು ಸವಿತಾಳಿಂದ ಕೇಳಿಕೊಂಡು ಬಾಯಿಪಾಠ ಮಾಡಿದ್ದೆ. ಅಡುಗೆಮನೆಗೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಳ್ಳಿಯ ಬುಟ್ಟಿಗೆ ಬೆರಳು ತೋರಿಸಿ ‘ಫ್ರಿಯೋ!’ ಎಂದೆ. ಲೂಪೆ ಬೆರಗಾಗಿ ನನ್ನನ್ನೇ ನೋಡಿದರು. ಆಮೇಲೆ ‘ಫ್ರಿಯೋ, ಫ್ರಿಯೋ’ ಎಂದು ತಾವೂ ತಲೆ ಅಲ್ಲಾಡಿಸಿ, ಆ ಬುಟ್ಟಿಯನ್ನು ಕಾಲಿನಿಂದ ಮೂಲೆಗೆ ತಳ್ಳಿ, ಒಲೆಯ ಮೇಲಿದ್ದ ಬಿಸಿ ಸಾರಿನ ಮುಚ್ಚಳ ತೆಗೆದು ತೋರಿಸಿದರು. ಅವರಲ್ಲೂ ಬಾಣಂತಿಗೆ ತಂಡಿ ಕೊಡುವುದಿಲ್ಲ! ಗಾಳಿ ಸೋಕಿಸುವುದಿಲ್ಲ, ತಲೆಗೆ ಬಟ್ಟೆ ಕಟ್ಟುತ್ತಾರೆ, ಸೊಪ್ಪು ಹಾಕಿ ಹಬೆ ಹಿಡಿಸುತ್ತಾರೆ. ನಾನು ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ಜಗಳವೆಲ್ಲ ದಂಡವಾಯಿತು.

ಬಿಗುಮಾನ ಬಂದದ್ದು ನೀರು ಹುಯ್ಯುವ ವಿಚಾರದಲ್ಲಿ. ಲೂಪೆ ಮಗುವನ್ನು ಪುಟ್ಟ ತೊಟ್ಟಿಯಲ್ಲಿ ತೊಳೆಯಹೊರಟರು. ನಾನು ತಾಯಿಯ ಕಡೆಯವಳು, ನನ್ನ ಹಕ್ಕು ಎಂದು ಕೈ ಅಡ್ಡ ಹಿಡಿದೆ. ಲೂಪೆಯ ಮುಖ ಬಿಗಿಯಿತು. ದೂರ ಸರಿದು ನಿಂತರು. ನಾನು ನೆಲದಲ್ಲಿ ಮಣೆ ಹಾಕಿ ಕುಳಿತು, ಕಾಲು ನೀಡಿ, ಮಗುವನ್ನು ಎರಡು ಕಾಲುಗಳ ಮೇಲೆ ಉದ್ದಕ್ಕೆ ಮಲಗಿಸಿಕೊಂಡೆ. ಎಣ್ಣೆ ಹಚ್ಚಿದ ಮೈ ಮೀನಿನ ಹಾಗೆ ಜಾರುತ್ತಿತ್ತು. ಚೊಂಬು ಎತ್ತಲು ಒಂದು ಕೈ ಬಿಟ್ಟರೆ ಮಗು ಎಲ್ಲಿ ಉರುಳುತ್ತದೋ ಎಂದು ಎತ್ತಲೇ ಇಲ್ಲ. ಹಾಗೇ ಕುಳಿತೆ. ಜಯಮ್ಮನ ಮಾತು ಕಿವಿಯಲ್ಲಿ ಗುಯ್‌ಗುಟ್ಟಿತು.

ಲೂಪೆ ಬಂದರು. ಚೊಂಬು ತೆಗೆದುಕೊಂಡು ಸಣ್ಣಗೆ ನೀರು ಬಿಟ್ಟರು. ನಾನು ಎರಡೂ ಕೈಯಿಂದ ಹಿಡಿದು ತಿಕ್ಕಿದೆ. ಅಂದಿನಿಂದ ದಿನವೂ ಹಾಗೇ. ಹಿಡಿಯುವ ಕೈ ನನ್ನದು, ಹುಯ್ಯುವ ಕೈ ಅವರದು.

ಜ್ವರ

ಹತ್ತಾರು ದಿನ ಕಳೆದಿರಬೇಕು. ಒಂದು ಮಧ್ಯಾಹ್ನ ಸವಿತಾ ನಡುಗುತ್ತಾ ಮಲಗಿದಳು. ಎದೆಯಲ್ಲಿ ಹಾಲು ಗಟ್ಟಿಕಟ್ಟಿ ಒಂದು ಕಡೆ ಕಲ್ಲಿನಂತಾಗಿತ್ತು, ಕೆಂಪಗೆ ಬಿಸಿಯಾಗಿತ್ತು. ಮಗು ಬಾಯಿ ಹಾಕಿದರೆ ಚೀರುತ್ತಿದ್ದಳು. ಹಣೆ ಮುಟ್ಟಿ ನೋಡಿದೆ, ಜ್ವರ. ರತ್ನನನ್ನು ಕೊಂಡೊಯ್ದದ್ದೂ ಜ್ವರವೇ. ದಾವೀದ ಡಾಕ್ಟರ ಹತ್ತಿರ ಕರೆದೊಯ್ದ. ಅವರು ಮಾತ್ರೆ ಕೊಟ್ಟು, ಮಗುವಿಗೆ ಹಾಲೂಡಿಸುವುದನ್ನು ನಿಲ್ಲಿಸಬೇಡಿ, ಬಿಸಿ ಶಾಖ ಕೊಡಿ ಎಂದರು. ಮನೆಗೆ ಬಂದು ಮಲಗಿದ ಸವಿತಾ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು.

‘ಏನ್ ಮಾಡದು ದೊಡ್ಡವ್ವ? ತಡಿಯಕಾಯ್ತಿಲ್ಲ.’

ಅವಳ ಬೆನ್ನು ಸವರುತ್ತಾ ಕುಳಿತೆ. ಅಷ್ಟರಲ್ಲಿ ಅಡುಗೆಮನೆಯಿಂದ ಒಂದು ವಾಸನೆ ಬಂತು. ಹಸಿ ಸೌದೆ ಸುಟ್ಟ ಹಾಗೆ, ಅದರಲ್ಲಿ ಒಂದು ಹುಳಿಯ ಎಳೆ. ನಾನು ಎದ್ದು ಹೋದೆ. ಲೂಪೆ ಕಳ್ಳಿಯ ಹಾಳೆಯೊಂದನ್ನು ಬಾಣಲೆಯಂಥ ಮಣ್ಣಿನ ಹೆಂಚಿನ ಮೇಲೆ ಮಗುಚಿ ಹಾಕುತ್ತಿದ್ದರು. ಮುಳ್ಳು ಹೆರೆದಿತ್ತು. ಬೆಂದು ಮೆತ್ತಗಾದ ಮೇಲೆ ಉದ್ದಕ್ಕೆ ಸೀಳಿ, ಒಳಮೈ ಹೊರಗೆ ಬರುವಂತೆ ಬಿಳಿ ಬಟ್ಟೆಯಲ್ಲಿ ಸುತ್ತಿ, ತಮ್ಮ ಕೆನ್ನೆಗೆ ಒತ್ತಿ ಬಿಸಿ ನೋಡಿದರು.

ಕೆನ್ನೆಗೆ ಒತ್ತಿ ನೋಡುವ ಆ ರೀತಿಯನ್ನು ನಾನು ಹಿಂದೆ ಕಂಡಿದ್ದೆ. ನಮ್ಮ ಹಳ್ಳಿಯ ಮನೆ, ಸವಿತಾ ಹುಟ್ಟಿದ ಬೇಸಿಗೆ. ರತ್ನನಿಗೂ ಹೀಗೇ ಎದೆ ಕಟ್ಟಿತ್ತು. ಅವ್ವ ಬೇಲಿಯಿಂದ ಪಾಪಾಸುಕಳ್ಳಿ ಮುರಿದು ತಂದು, ಕೆಂಡದ ಮೇಲೆ ಮುಳ್ಳು ಸುಟ್ಟು, ಸೀಳಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಕೆನ್ನೆಗೆ ಒತ್ತಿ ನೋಡಿದ್ದಳು. ನಾನು ರಜಕ್ಕೆ ಬಂದವಳು ಬಾಗಿಲಲ್ಲಿ ನಿಂತಿದ್ದೆ. ‘ನಿಂತ್ಕಂಡ್ ನೋಡ್ತೀಯಲ್ಲ, ಬಟ್ಟೆ ಇಡ್ಕ ಬಾ’ ಎಂದಿದ್ದಳು ಅವ್ವ. ಅಂದು ಬಟ್ಟೆ ಹಿಡಿದದ್ದು ನಾನೇ. ಅದು ಎಲ್ಲಿ ಹೋಗಿತ್ತೋ ಇಷ್ಟು ವರ್ಷ!

‘ತನ್ನಿ’ ಎಂದು ಕನ್ನಡದಲ್ಲೇ ಹೇಳಿ ಕೈ ಚಾಚಿದೆ. ಲೂಪೆ ಕೊಟ್ಟರು. ಸವಿತಾಳ ಎದೆಗೆ ಅದನ್ನಿಟ್ಟು, ಅವ್ವ ಮಾಡಿದ ಹಾಗೆ ಅಂಚಿನಿಂದ ನಡುವಿಗೆ ಮೆಲ್ಲಗೆ ಒತ್ತಿದೆ. ಆರಿದಂತೆಲ್ಲ ಲೂಪೆ ಇನ್ನೊಂದು ಬಿಸಿಯದು ತಂದರು. ಬೆಳಕು ಇಳಿಯುವ ಹೊತ್ತಿಗೆ ಹಾಲು ಕರಗಿ ಹರಿಯಿತು. ಮಗು ಬಾಯಿ ತುಂಬ ಕುಡಿಯಿತು. ಮಾತ್ರೆಯ ಗುಣವೂ ಇರಬೇಕು, ಸವಿತಾ ಬೆವೆತು ನಿದ್ದೆ ಹೋದಳು.

ಮಾರನೆಯ ಬೆಳಗ್ಗೆ, ತೊಟ್ಟಿಯಲ್ಲಿ

ಜ್ವರ ಬಿಟ್ಟಿತ್ತು. ಸವಿತಾ ಎಳೆಬಿಸಿಲಿನಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದಳು. ನಾನು ಪಕ್ಕದಲ್ಲಿ ಕುಳಿತು ಮಗುವಿನ ಅಂಗಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಲೂಪೆ ಆಚೆ ಮಗ್ಗುಲಲ್ಲಿ ಮುಸುಕಿನ ಜೋಳ ಬಿಡಿಸುತ್ತಿದ್ದರು.

‘ದೊಡ್ಡವ್ವ’ ಎಂದಳು ಸವಿತಾ. ಮುಖ ಮಗುವಿನ ಕಡೆಗಿತ್ತು. ‘ಇದು ನಿಂಗೆ ಎಂಗ್ ಗೊತ್ತಿತ್ತು, ಒತ್ತಾದು?’

‘ನಮ್ಮವ್ವ ಮಾಡಿದ್ಲು.’

‘ಯಾರ್ಗೆ?’

‘ನಿಮ್ಮವ್ವಂಗೆ. ನೀನು ಉಟ್ದಾಗ.’

ಅವಳು ಮಗುವಿನ ಮೈಮೇಲಿನ ಬಟ್ಟೆ ಎಳೆದು ಸರಿಮಾಡಿದಳು. ಆಮೇಲೆ ಚಿಕ್ಕ ದನಿಯಲ್ಲಿ, ‘ಅವ್ವನೂ ನನ್ನಂಗೇ ಅತ್ತಿದ್ಲಾ?’ ಎಂದಳು.

ಈ ಸಲ ಎದ್ದು ಹೋಗಲಿಲ್ಲ. ಮಗುವಿನ ಇನ್ನೊಂದು ಪಾದ ಹಿಡಿದುಕೊಂಡೆ.

‘ಅಳಾ ಪೈಕಿನಾ ಅವ್ಳು? ನೋವು ಒಂದ್ ಕಡೆ, ನಗಾದು ಒಂದ್ ಕಡೆ. ಅವ್ವ ಆ ಸುಟ್ಟಿದ್ ಕಳ್ಳಿನ ತಂದು ಎದೆ ಮೇಲಿಟ್ಲು ನೋಡು. ಲೋಳೆ ಇಳಿತಾ ಅದೆ. ನಿಮ್ಮವ್ವ ಅಂದ್ಲು, ಸುಟ್ಟಿರಾದು, ಸೀಳಿರಾದು ಎಲ್ಲಾ ಸರಿಯಾಗೇ ಅದೆ ಕಣವ್ವ, ಒಗ್ಗರಣೆ ಒಂದು ಬಾಕಿ ಅದೆ, ಅದ್ನೂ ಆಕ್ಬುಡು ಅಂತ.’

ಸವಿತಾ ನಕ್ಕಳು. ಹೆರಿಗೆಯ ಆಪರೇಷನ್ನಿನ ಹೊಲಿಗೆ ನೋಯುತ್ತದೆಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಾ ನಗುತ್ತಾ ಕಣ್ಣೀರು ಇಳಿಯಿತು, ಅದನ್ನು ಒರೆಸಿಕೊಳ್ಳಲೂ ಇಲ್ಲ.

‘ಆಮೇಲೆ?’ ಎಂದಳು.

ನಾನು ಹೇಳುತ್ತಾ ಹೋದೆ. ಲೂಪೆಗೆ ಅದರಲ್ಲಿ ಒಂದು ಪದವೂ ತಿಳಿಯುವಂತಿರಲಿಲ್ಲ. ಅವರು ಜೋಳದ ಬುಟ್ಟಿಯನ್ನು ಕೆಳಗಿಟ್ಟು, ತಮ್ಮ ಮಣೆಯನ್ನು ನಮ್ಮ ಹತ್ತಿರಕ್ಕೆ ಎಳೆದುಕೊಂಡು ಕುಳಿತರು.